ಮೇಷ್ಟ್ರಮ್ಮ ಕಲಿಸಿದ ಮಾತು

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿದ್ದ ಆ ಹೆಂಗಸನ್ನು ನಾವೆಲ್ಲ ಮೇಷ್ಟ್ರಮ್ಮ ಎನ್ನುತ್ತಿದ್ದೆವು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರಿಗೆ ಇದ್ದದ್ದು ಒಬ್ಬಳೇ ವಿದ್ಯಾರ್ಥಿನಿ, ಅವರ ಮಗಳು. ತರಗತಿ ಎಂದರೆ ಅಡುಗೆಮನೆ. ಯಾರೋ ತಮಾಷೆಗೆ ಇಟ್ಟ ಹೆಸರು ಕೊನೆಗೆ ಅಂಟಿಕೊಂಡೇಬಿಟ್ಟಿತು. ಹಾಲಿನವನು ಕೂಡ ಬಾಗಿಲ ಮುಂದೆ ನಿಂತು ಹಾಗೆಯೇ ಕೂಗುತ್ತಿದ್ದ. ನಾನು ಅವರ ಕೆಳಗಿನ ಮನೆಯವಳು. ನನಗೆ ಅವರು ಅಕ್ಕ, ಅವರ ಗಂಡ ಭಾವ. ರಕ್ತಸಂಬಂಧವೇನಲ್ಲ, ಒಂದೇ ಮೆಟ್ಟಿಲು ಹತ್ತಿ ಇಳಿದು ಬೆಳೆದ ಸಂಬಂಧ.

ಮದುವೆಗೆ ಮುಂಚಿನಿಂದಲೂ ಅವರು ದೊಡ್ಡ ಕಾರ್ಖಾನೆಯೊಂದರ ಟೆಲಿಫೋನ್ ಬೋರ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ದನಿ ಬಲು ಸ್ಪಷ್ಟ. ಒಂದು ಅಕ್ಷರ ಇನ್ನೊಂದರ ಮೇಲೆ ಬೀಳದ ಹಾಗೆ, ಬಟ್ಟೆ ಮಡಿಸಿಟ್ಟಂತೆ ಮಾತಾಡುತ್ತಿದ್ದರು. ಆ ದನಿ ಕೇಳಲೆಂದೇ ಕೆಲವರು ಬೇಡದ ನಂಬರ್ ಕೇಳುತ್ತಿದ್ದರಂತೆ. ಈ ಮಾತು ಬಂದಾಗಲೆಲ್ಲ ಭಾವ, "ಅದ್ರಲ್ಲಿ ನಾನೂ ಒಬ್ಬ" ಎಂದು ಸೇರಿಸುತ್ತಿದ್ದರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ.

ಮಗಳು ಹುಟ್ಟಿದಾಗ ಎಲ್ಲವೂ ಸರಿಯಾಗಿಯೇ ಇತ್ತು. ನಡೆಯಲು ಕಲಿತ ಹೊತ್ತಿಗೆ ಒಂದು ಕೆಟ್ಟ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಮಗು ಮತ್ತೆ ಓಡಾಡಿತು, ನಕ್ಕಿತು, ಊಟಕ್ಕೆ ಹಟ ಮಾಡಿತು. ಒಂದು ಬೆಳಿಗ್ಗೆ ಮೇಷ್ಟ್ರಮ್ಮನ ಕೈಯಿಂದ ಸ್ಟೀಲ್ ಪಾತ್ರೆಯೊಂದು ಜಾರಿ ನೆಲಕ್ಕೆ ಬಿತ್ತು. ಕೆಳಗಿನ ಮನೆಯಲ್ಲಿದ್ದ ನಾನು ಬೆಚ್ಚಿಬಿದ್ದೆ. ಅಲ್ಲೇ ಬೆನ್ನು ಹಾಕಿ ಕೂತಿದ್ದ ಮಗು ತಿರುಗಿಯೂ ನೋಡಲಿಲ್ಲವಂತೆ. ಮೇಷ್ಟ್ರಮ್ಮ ಪಾತ್ರೆಯನ್ನು ಎತ್ತಿಕೊಂಡು ಈ ಸಲ ಬೇಕೆಂದೇ ಬೀಳಿಸಿದರು. ಮತ್ತೊಮ್ಮೆ ಬೀಳಿಸಿದರು. ಏನಾಯಿತೋ ಎಂದು ನಾನು ಮೇಲೆ ಹೋದಾಗ ಪಾತ್ರೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಮಗು ಗೋಡೆಗೆ ಬಿದ್ದ ಬಿಸಿಲನ್ನು ಬೆರಳಿನಿಂದ ಮುಟ್ಟುತ್ತಾ ಕೂತಿತ್ತು.

ಆಸ್ಪತ್ರೆಗಳಿಗೆ ಅಲೆದರು. ಎದೆಯ ಮೇಲೆ ತೂಗುಹಾಕುವ ಡಬ್ಬಿಯಂಥ ಒಂದು ಯಂತ್ರ ಸಿಕ್ಕಿತು. ಅದರಿಂದ ಲಾರಿ ಹಾರ್ನು ಕೇಳಿಸುತ್ತಿತ್ತೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಕೊನೆಗೆ ನೋಡಿದ ವಯಸ್ಸಾದ ಡಾಕ್ಟರು ಒಂದು ಮಾತು ಹೇಳಿದರು. "ಕೈಸನ್ನೆ ಅಭ್ಯಾಸ ಮಾಡಿಸ್ಲೇಬೇಡಿ ಅಮ್ಮ. ಕೈಯಲ್ಲೇ ಕೆಲಸ ಆಗುತ್ತೆ ಅಂತಾದ್ರೆ ಮಗು ಬಾಯಿ ತೆರೆಯೋದೇ ಇಲ್ಲ." ಆ ಕಾಲದಲ್ಲಿ ಹಾಗೆ ಹೇಳುವವರು ಬಹಳ ಜನ ಇದ್ದರು. ಮೇಷ್ಟ್ರಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದರು.

ಊರಿನ ಹೊರಗೆ ಕಿವಿ ಕೇಳಿಸದ ಮಕ್ಕಳ ಶಾಲೆಯೊಂದಿತ್ತು, ಅಲ್ಲೇ ಹಾಸ್ಟೆಲ್. ನೋಡಿಕೊಂಡು ಬರಲು ಹೋದರು. ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರಂತೆ. ಕಾಲಿನ ಸದ್ದು, ಆಗಾಗ ಒಂದು ಚೀರು, ಉಳಿದಂತೆ ಬರೀ ಕೈಗಳು. ಗೇಟು ದಾಟದೆ ಅಲ್ಲಿಂದಲೇ ವಾಪಸಾದರು. "ಅಲ್ಲಿ ಬಿಟ್ರೆ ನನ್ನ ಮಗಳು ನನಗೆ ವಾಪಸ್ ಸಿಗಲ್ಲ ಅನ್ನಿಸ್ತು ಕಣೇ" ಎಂದು ನನ್ನ ಹತ್ತಿರ ಹೇಳಿದರು. ಆಮೇಲೆ ಪಕ್ಕದ ಬೀದಿಯ ಮಾಮೂಲಿ ಶಾಲೆಗೆ ಸೇರಿಸಿದರು. ಅಲ್ಲಿನ ಟೀಚರ್ ಒಳ್ಳೆಯವರೇ, ಆದರೆ ಮಾತಾಡುವಾಗಲೆಲ್ಲ ಬೋರ್ಡಿನ ಕಡೆ ತಿರುಗುತ್ತಿದ್ದರು. ಹುಡುಗಿ ಬೋರ್ಡಿನ ಮೇಲಿದ್ದದ್ದನ್ನೆಲ್ಲ ಮುದ್ದಾಗಿ ಬರೆದುಕೊಂಡು ಬರುತ್ತಿದ್ದಳು, ಅದರಲ್ಲಿ ಒಂದು ಪದದ ಅರ್ಥವೂ ಅವಳಿಗೆ ಗೊತ್ತಿರಲಿಲ್ಲ. ವರ್ಷ ಮುಗಿಯುವ ಮುಂಚೆಯೇ ಮೇಷ್ಟ್ರಮ್ಮ ಅವಳನ್ನು ಬಿಡಿಸಿ ಮನೆಗೆ ಕರೆತಂದರು. ತಾವೂ ಕೆಲಸ ಬಿಟ್ಟರು.

ಅಂದಿನಿಂದ ಆ ಮನೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಚೀಟಿ. ಉಪ್ಪಿನ ಡಬ್ಬಿಗೆ ಉಪ್ಪು, ಕಿಟಕಿಗೆ ಕಿಟಕಿ, ಪೊರಕೆಯ ಹಿಡಿಗೆ ಪೊರಕೆ. ಒಂದು ಭಾನುವಾರ ಭಾವ ಮಧ್ಯಾಹ್ನದ ನಿದ್ದೆಯಿಂದ ಎದ್ದು ಅಂಗಡಿಗೆ ಹೋಗಿ ಬಂದರು. ಅಂಗಡಿಯಲ್ಲಿ ಎಲ್ಲರೂ ಯಾಕೆ ನಗುತ್ತಿದ್ದರೆಂದು ಮನೆಗೆ ಬಂದು ಕನ್ನಡಿ ನೋಡಿಕೊಂಡಾಗಲೇ ತಿಳಿದದ್ದು: ಹಣೆಯ ಮೇಲೆ "ಅಪ್ಪ" ಎಂಬ ಚೀಟಿ ಅಂಟಿತ್ತು. ಆ ದಿನ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಕೆಳಗಿನವರೆಗೆ ಕೇಳಿಸಿತು. ಆ ಮನೆಯ ನಗುವೆಂದರೆ ನನಗೆ ನೆನಪಿರುವುದು ಅದೊಂದೇ.

ಅಕ್ಷರ ಬರೆಯುವುದು ಅವಳಿಗೆ ಸುಲಭವಾಗಿ ಬಂತು. ನುಡಿಸುವುದೇ ಕಷ್ಟ. ಅಕ್ಷರಮಾಲೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದವರು. ಕ ಯಾಕೆ ಮೊದಲು, ಪ ಯಾಕೆ ಎಷ್ಟೋ ಆಮೇಲೆ ಎಂದು ಯಾರು ತಲೆ ಕೆಡಿಸಿಕೊಂಡಿದ್ದೇವೆ? ಮೇಷ್ಟ್ರಮ್ಮ ಕನ್ನಡಿಯ ಮುಂದೆ ಕೂತು ಒಂದೊಂದೇ ಅಕ್ಷರ ಹೇಳಿಕೊಂಡು, ಅದು ಗಂಟಲಿನಿಂದ ತುಟಿಯವರೆಗಿನ ದಾರಿ ಎಂದು ತಾವೇ ಕಂಡುಕೊಂಡರು. ತುಟಿಯ ಅಕ್ಷರಗಳಿಗೆ ಒಂದು ತೆಳು ಕಾಗದದ ಚೂರನ್ನು ಬಾಯಿಯ ಮುಂದೆ ಹಿಡಿಯುತ್ತಿದ್ದರು. ಪ ಎಂದರೆ ಕಾಗದ ಅಲುಗುತ್ತದೆ, ಮ ಎಂದರೆ ಅಲುಗುವುದಿಲ್ಲ, ಮೂಗು ನಡುಗುತ್ತದೆ. ಳ ಬರಲೆಂದು ಅಂಗುಳಿನಲ್ಲಿ ನಾಲಿಗೆ ತಾಗಬೇಕಾದ ಜಾಗಕ್ಕೆ ಜೇನು ಸವರುತ್ತಿದ್ದರು. ಕ ಮಾತ್ರ ಕೈಕೊಡುತ್ತಿತ್ತು. ಚಮಚದ ಹಿಡಿಯಿಂದ ನಾಲಿಗೆಯ ತುದಿಯನ್ನು ಒತ್ತಿ ಹಿಡಿದು "ಕ ಅನ್ನು" ಎನ್ನುತ್ತಿದ್ದರು. ಹುಡುಗಿಗೆ ವಾಕರಿಕೆ ಬರುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು. ಒರೆಸಿ, ಮತ್ತೆ ಚಮಚ. ದನಿ ಹೇಗಿರುತ್ತದೆ ಎಂದು ತಿಳಿಯಲಿ ಎಂದು ಅವಳ ಅಂಗೈಯನ್ನು ತಮ್ಮ ಗಂಟಲಿನ ಮೇಲೆ ಇಟ್ಟುಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಇನ್ನು ನಾವು ಹೇಳಿದ್ದನ್ನು ಅವಳು ಅರ್ಥ ಮಾಡಿಕೊಳ್ಳಬೇಕಾದದ್ದು ತುಟಿ ನೋಡಿ. ಅದು ಎಂಥ ಪಾಡು ಎಂದು ತಿಳಿಯಬೇಕಾದರೆ ಕನ್ನಡಿಯ ಮುಂದೆ ನಿಂತು, ದನಿ ತೆಗೆಯದೆ ಅಪ್ಪ ಎನ್ನಿ, ಆಮೇಲೆ ಅಮ್ಮ ಎನ್ನಿ. ಎರಡೂ ಒಂದೇ. ಹಾಲು, ಕಾಲು ಎರಡೂ ಒಂದೇ. ಮನೆಯಲ್ಲಿ ಅವಳನ್ನು ಮರಿ ಎಂದು ಕರೆಯುತ್ತಿದ್ದರು. ಮೇಷ್ಟ್ರಮ್ಮ ಸ್ಲೇಟು ಕೊಟ್ಟು "ಬರಿ" ಎಂದಾಗಲೆಲ್ಲ ಅವಳು ತನ್ನನ್ನೇ ಕರೆದರೆಂದು ಮುಖವೆತ್ತಿ ನಗುತ್ತಿದ್ದಳು. "ಬರಿ" ಎಂದು ಇನ್ನೂ ಬಿಡಿಸಿ ಹೇಳಿದರೆ ಇನ್ನೂ ಅಗಲವಾಗಿ ನಗುತ್ತಿದ್ದಳು. ಆಮೇಲೆ ಯಾಕೆ ಬೈಸಿಕೊಂಡೆನೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಕೈಗಳಿಗೆ ಆ ಮನೆಯಲ್ಲಿ ಜಾಗವಿರಲಿಲ್ಲ. ಅವಳು ಏನನ್ನಾದರೂ ಬೊಟ್ಟು ಮಾಡಿದರೆ ಮೇಷ್ಟ್ರಮ್ಮ ಬೇರೆ ಕಡೆ ನೋಡುತ್ತಿದ್ದರು. ಪಾಠದ ಹೊತ್ತಿಗೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ಒಂದು ಬೇಸಿಗೆಯ ಮಧ್ಯಾಹ್ನ ಸೂಜಿ ದಾರ ಕೇಳಲೆಂದು ನಾನು ಹೋದಾಗ ಹುಡುಗಿ ಹಾಗೆ ಕೂತಿದ್ದಳು. ಎದುರಿಗೆ ಮೇಜಿನ ಮೇಲೆ ನೀರು ತುಂಬಿದ ಲೋಟ. ತುಟಿ ಒಣಗಿತ್ತು.

"ನೀರು ಅಂತ ಬಾಯಿಬಿಟ್ಟು ಕೇಳ್ಲಿ, ಕೊಡ್ತೀನಿ" ಎಂದರು ಮೇಷ್ಟ್ರಮ್ಮ. ಅವರ ಮುಖವೂ ಬಾಡಿತ್ತು. ಅವರೂ ಬೆಳಿಗ್ಗೆಯಿಂದ ಕುಡಿದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಕೊಟ್ಟುಬಿಡಿ ಅಕ್ಕ, ಮಗು ಅದು ಎಂದೆ. "ನಾಳೆ ನಾನು ಸತ್ರೆ ಇವಳಿಗೆ ನೀರು ಯಾರು ಕೊಡ್ತಾರೆ? ನೀನು ಕೊಡ್ತೀಯಾ?" ಎಂದರು. ನಾನು ಸೂಜಿಯನ್ನೂ ಕೇಳದೆ ಇಳಿದು ಬಂದೆ. ಬಿಸಿಲು ಇಳಿಯುವ ಹೊತ್ತಿಗೆ ಮೇಷ್ಟ್ರಮ್ಮ ಬರಿಗಾಲಿನಲ್ಲಿ ಮೆಟ್ಟಿಲು ಇಳಿದು ಓಡಿ ಬಂದು, ಹೇಳಿದಳು ಕಣೇ, ನೀರು ಅಂದಳು ಎಂದು ನನ್ನ ತೋಳು ಹಿಡಿದುಕೊಂಡು ಅತ್ತರು. ಕಟ್ಟಡದ ಮನೆಮನೆಗೂ ಹೋಗಿ ಹೇಳಿದರು. ಅಷ್ಟು ಸಂತೋಷದಲ್ಲಿ ಅವರನ್ನು ಮತ್ತೆಂದೂ ನೋಡಲಿಲ್ಲ.

ಭಾವ ಬೇರೆಯೇ ಜಾತಿಯ ಮನುಷ್ಯ. ಡಿಪೋದ ಇಂಜಿನ್ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ಕೈಯಲ್ಲೇ ಸ್ಪ್ಯಾನರ್ ಕೇಳುತ್ತಾರೆ, ಕೈಯಲ್ಲೇ ಊಟಕ್ಕೆ ಕರೆಯುತ್ತಾರೆ. ಆ ಅಭ್ಯಾಸ ಅವರಿಗೆ ಇದ್ದೇ ಇತ್ತು. ಸಂಜೆ ಮನೆಗೆ ಬಂದವರು ಮಗಳನ್ನು ಟೆರೇಸಿಗೆ ಕರೆದುಕೊಂಡು ಹೋಗುತ್ತಿದ್ದರು. ಬಟ್ಟೆ ತರಲೆಂದು ಒಮ್ಮೆ ನಾನು ಮೇಲೆ ಹೋದಾಗ, ಟಯರು ಪಂಕ್ಚರಾಗಿ ಬಸ್ಸು ರಸ್ತೆಯಲ್ಲೇ ಕುಂಟಿದ್ದನ್ನೂ ದಪ್ಪ ಕಂಡಕ್ಟರ್ ಬಾಗಿಲಲ್ಲಿ ಸಿಕ್ಕಿಕೊಂಡದ್ದನ್ನೂ ಅವರು ಕೈಯಿಂದಲೇ ಅವಳಿಗೆ ಹೇಳುತ್ತಿದ್ದರು. ಅವಳು ಬಿದ್ದು ಬಿದ್ದು ನಗುತ್ತಿದ್ದಳು. ನನ್ನನ್ನು ಕಂಡದ್ದೇ ಇಬ್ಬರೂ ಕೈ ಕೆಳಗಿಳಿಸಿದರು, ಕದ್ದು ಸಿಕ್ಕಿಬಿದ್ದವರ ಹಾಗೆ.

ಅದು ಎಷ್ಟು ದಿನ ಮುಚ್ಚಿಟ್ಟರೂ ಒಂದು ದಿನ ಮೇಷ್ಟ್ರಮ್ಮನ ಕಣ್ಣಿಗೆ ಬಿತ್ತು. ಆ ಜಗಳ ನಮ್ಮ ಮನೆಯ ಸೂರಿನ ಮೇಲೆಯೇ ನಡೆದಂತಿತ್ತು. ತಾನು ದಿನವಿಡೀ ಕಟ್ಟಿದ್ದನ್ನು ಸಂಜೆ ಬಂದು ಕೆಡವುತ್ತೀರಿ ಎಂಬುದು ಅವರ ದೂರು. ಭಾವ ಒಂದೇ ಮಾತು ಹೇಳಿದ್ದು. "ಅವಳು ನನ್ನ ಜೊತೆ ಮಾತಾಡ್ತಾಳೆ ಕಣೇ. ನಿನ್ನ ಜೊತೆ ಪಾಠ ಒಪ್ಪಿಸ್ತಾಳೆ." ಮಾರನೆಯ ದಿನದಿಂದ ಟೆರೇಸ್ ನಿಂತಿತು. ಭಾವ ಜಗಳ ಬೆಳೆಸುವವರಲ್ಲ, ಹೋಗಲಿ ಬಿಡು ಎನ್ನುವವರು. ಅಷ್ಟು ಸುಲಭವಾಗಿ ಬಿಟ್ಟುಕೊಡಬಾರದಿತ್ತು ಎಂದು ಕೊನೆಯ ವರ್ಷಗಳಲ್ಲಿ ಅವರೇ ಹೇಳಿಕೊಳ್ಳುತ್ತಿದ್ದರು.

ಹುಡುಗಿ ಬೆಳೆದಳು. ಮನೆಗೆ ಯಾರಾದರೂ ಬಂದರೆ ಮೇಷ್ಟ್ರಮ್ಮ ಅವಳ ಕೈಗೆ ಪೇಪರ್ ಕೊಟ್ಟು ಜೋರಾಗಿ ಓದಿಸುತ್ತಿದ್ದರು. ಮೂಗಿನಿಂದ ಅರ್ಧ ಗಂಟಲಿನಿಂದ ಅರ್ಧ ಬರುವ, ಎಲ್ಲೆಲ್ಲೋ ಏರಿ ಎಲ್ಲೆಲ್ಲೋ ಇಳಿಯುವ ದನಿ. ಬಂದವರು ಭೇಷ್ ಎನ್ನುತ್ತಿದ್ದರು. ಮೆಟ್ಟಿಲು ಇಳಿಯುವಾಗ, ಏನು ಓದಿದಳು ಗೊತ್ತಾಯಿತಾ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಇಷ್ಟು ವರ್ಷ ಹತ್ತಿರವಿದ್ದ ನನಗೇ ಅರ್ಧಕ್ಕಿಂತ ಹೆಚ್ಚು ತಿಳಿಯುತ್ತಿರಲಿಲ್ಲ. ಮೇಷ್ಟ್ರಮ್ಮನಿಗೆ ಮಾತ್ರ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಮಗಳು ಲೋಕದ ಮಾತು ಕಲಿತಳೆಂದು ಅವರು ತಿಳಿದಿದ್ದರು. ಕಲಿತವರು ಅವರು, ಮಗಳ ದನಿಯನ್ನು.

ಮನೆಯಲ್ಲೇ ಓದಿ ಹತ್ತನೆಯ ಪರೀಕ್ಷೆಗೆ ಕಟ್ಟಿದಳು, ಪಾಸಾದಳು. ಲೆಕ್ಕದಲ್ಲಿ ನಮ್ಮ ಕಟ್ಟಡದ ಎಲ್ಲ ಮಕ್ಕಳಿಗಿಂತ ಹೆಚ್ಚು ಅಂಕ ಬಂದಿತ್ತು. ಮುಂದೆ ಏನು ಎಂದು ಯಾರಿಗೂ ಹೊಳೆಯಲಿಲ್ಲ. ಒಂದಷ್ಟು ಕಾಲ ಮನೆಯಲ್ಲೇ ಕಿಟಕಿಯ ಹತ್ತಿರ ಕೂತು ಕಳೆದಳು. ಕೊನೆಗೆ ಭಾವ ತಮಗೆ ಪರಿಚಯವಿದ್ದ ಒಂದು ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕೊಡಿಸಿದರು. ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸುವುದು, ಜೋಡಿಸುವುದು, ಬೆನ್ನಿಗೆ ದಾರ ಹಾಕಿ ಹೊಲಿಯುವುದು. ಅಂಟಿನ ವಾಸನೆ, ಕತ್ತರಿಸುವ ಯಂತ್ರದ ಧಡಧಡ. ಆ ಯಂತ್ರದ ಮುಂದೆ ಕೂರುತ್ತಿದ್ದವಳು ಕಿವಿ ಕೇಳಿಸದ ಒಬ್ಬ ಹೆಂಗಸು. ಮಡಿಸುವ ಮೇಜಿನಲ್ಲಿ ಇನ್ನಿಬ್ಬರು ಅಂಥವರೇ ಇದ್ದರು. ಸದ್ದು ಬಾಧಿಸುವುದಿಲ್ಲವೆಂದು ಮಾಲೀಕ ಅಂಥವರನ್ನೇ ಹುಡುಕಿ ಇಟ್ಟುಕೊಂಡಿದ್ದ. ಭಾವನಿಗೆ ಇದು ಗೊತ್ತಿತ್ತು. ಮೇಷ್ಟ್ರಮ್ಮನಿಗೆ ಅವರು ಹೇಳಿರಲಿಲ್ಲ.

ಕೆಲವು ತಿಂಗಳಲ್ಲಿ ಮರಿ ಬೇರೆಯವಳಾದಳು. ಬೆಳಿಗ್ಗೆ ಯಾರೂ ಎಬ್ಬಿಸದೆ ಏಳುತ್ತಿದ್ದಳು. ಊಟ ಮಾಡುವಾಗ ತನ್ನಷ್ಟಕ್ಕೆ ಏನೋ ನೆನೆದು ನಗುತ್ತಿದ್ದಳು. ಮಗಳು ಗೆಲುವಾಗಿದ್ದಾಳೆ ಎಂದು ಮೇಷ್ಟ್ರಮ್ಮನಿಗೂ ಖುಷಿ. ಒಂದು ದಿನ ಅವಳು ಊಟದ ಡಬ್ಬಿ ಮರೆತು ಹೋದಳು. ಅದನ್ನು ಕೊಟ್ಟುಬರಲು ಮೇಷ್ಟ್ರಮ್ಮ ಹೊರಟರು, ಆ ಕಡೆ ಕೆಲಸವಿತ್ತೆಂದು ನಾನೂ ಜೊತೆಗೆ ಹೋದೆ.

ಊಟದ ಬಿಡುವು. ಯಂತ್ರ ನಿಂತಿತ್ತು. ರಸ್ತೆಯ ಕಡೆಯ ಕಿಟಕಿಯಿಂದ ಒಳಗೆಲ್ಲ ಕಾಣುತ್ತಿತ್ತು. ಕಾಗದದ ಕಟ್ಟುಗಳ ಮೇಲೆ ಮೂರು ನಾಲ್ಕು ಜನ ಸುತ್ತ ಕೂತಿದ್ದರು, ನಡುವೆ ಒಬ್ಬಳು ನಿಂತು ಏನೋ ಕಥೆ ಹೇಳುತ್ತಿದ್ದಳು. ಕೈ ಎಷ್ಟು ಚುರುಕಾಗಿ ಓಡುತ್ತಿತ್ತೆಂದರೆ ಬೆರಳುಗಳು ಕಣ್ಣಿಗೆ ಸಿಗುತ್ತಿರಲಿಲ್ಲ. ಹುಬ್ಬು, ಭುಜ, ಕೆನ್ನೆ ಎಲ್ಲವೂ ಆ ಕಥೆಯಲ್ಲಿದ್ದವು. ಯಾರೋ ಜಂಬದ ಮನುಷ್ಯ ನಡೆದು ಬಂದ, ಎಡವಿದ, ಯಾರೂ ನೋಡಲಿಲ್ಲವೆಂದು ಸುತ್ತ ಕಣ್ಣಾಡಿಸಿದ. ಏನೂ ಬಾರದ ನನಗೇ ಅಷ್ಟು ಅರ್ಥವಾಯಿತು. ಕೂತವರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಕಥೆ ಹೇಳುತ್ತಿದ್ದವಳು ಮರಿ ಎಂದು ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಮೇಷ್ಟ್ರಮ್ಮನಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. "ಮರೀ" ಎಂದು ಕರೆದರು. ಯಾರು ತಿರುಗಬೇಕು?

ಆಗ ಅವಳೇ ಕಿಟಕಿಯ ಕಡೆ ನೋಡಿದಳು. ತಾಯಿಯನ್ನು ಕಂಡಳು. ನಿಂತಿದ್ದವಳು ಕಾಗದದ ಕಟ್ಟಿನ ಮೇಲೆ ಕುಸಿದು ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ಮೇಷ್ಟ್ರಮ್ಮ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು ತಿರುಗಿ ನಡೆದರು. ಮನೆಯ ಮೆಟ್ಟಿಲ ಹತ್ತಿರ ನಿಂತು, "ಎಷ್ಟು ಚೆನ್ನಾಗಿ ಹೇಳ್ತಿದ್ಲು ಅಲ್ವೇನೇ" ಎಂದರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟಕ್ಕೇ ಎಲ್ಲ ಮುರಿದುಬೀಳಲಿಲ್ಲ. ಅವಳು ಕೆಲಸಕ್ಕೆ ಹೋಗುತ್ತಿದ್ದಳು, ಮನೆಯಲ್ಲಿ ಬಾಯಿಂದಲೇ ಮಾತಾಡುತ್ತಿದ್ದಳು. ಮುರಿದದ್ದು ಒಂದು ಬಸ್ಸಿನಲ್ಲಿ. ಅವಳು ಕಂಡಕ್ಟರನಿಗೆ ಇಳಿಯುವ ಜಾಗದ ಹೆಸರು ಹೇಳಿದಳು. ಹಿಂದಿನ ಸೀಟಿನ ಮಕ್ಕಳು ಅವಳ ಹಾಗೆಯೇ ಬಾಯಿ ಸೊಟ್ಟ ಮಾಡಿಕೊಂಡು ಅಣಕಿಸಿದ್ದು ಗಾಜಿನಲ್ಲಿ ಕಂಡಿತು. ಅವರ ತಾಯಿ ಬಾಯಿಗೆ ಸೆರಗು ಒತ್ತಿಕೊಂಡದ್ದೂ ಕಂಡಿತು. ಆ ಸಂಜೆ ಅವಳು ಅಡುಗೆಮನೆಗೆ ಹೋಗಿ ತಾಯಿಯನ್ನು ಕೇಳಿದಳು: "ಅಮ್ಮ, ನನ್ನ ದನಿ ಹೇಗಿದೆ?"

"ಎಲ್ಲರ ದನಿಯ ಹಾಗೇ ಇದೆ" ಎಂದರು ಮೇಷ್ಟ್ರಮ್ಮ.

ಅವಳು ಹೊರಗೆ ಬಂದು ಅದನ್ನೇ ಅಪ್ಪನನ್ನು ಕೇಳಿದಳು. ಭಾವ ಹೆಂಡತಿಯ ಕಡೆ ನೋಡಿದರು. ಎಷ್ಟೋ ವರ್ಷಗಳ ಮೇಲೆ ಆ ಮನೆಯೊಳಗೆ, ಹೆಂಡತಿಯ ಎದುರಿಗೇ ಕೈ ಎತ್ತಿ ಮಗಳಿಗೆ ನಿಧಾನವಾಗಿ ಹೇಳಿದರು: ಬೇರೆ ಥರ ಇದೆ. ಹೊಸಬರಿಗೆ ಅರ್ಥವಾಗುವುದು ಕಷ್ಟ. ನನಗೆ ಇಷ್ಟ.

ಅವಳು ಅಳಲಿಲ್ಲ. ತಾಯಿಯ ಮುಂದೆ ಹೋಗಿ ನಿಂತು, ಒಂದೊಂದೇ ಪದವನ್ನು ಬಿಡಿಸಿ, ಕಲಿಸಿಕೊಟ್ಟ ಹಾಗೆಯೇ ಹೇಳಿದಳು: "ಇಷ್ಟು ವರ್ಷ ನಾನು ನಿನ್ನ ಬಾಯಿ ನೋಡ್ದೆ. ಇನ್ಮೇಲೆ ನೀನು ನನ್ನ ಕೈ ನೋಡು." ಅದು ಅವಳು ಬಾಯಿಂದ ಆಡಿದ ಕೊನೆಯ ಮಾತು. ಮೇಷ್ಟ್ರಮ್ಮ ಇದನ್ನು ನನಗೆ ಹೇಳಿದಾಗ, ಒಂದಕ್ಷರವೂ ತಪ್ಪಿರಲಿಲ್ಲ, ಕ ಕೂಡ ಸರಿಯಾಗಿ ಬಂತು ಎಂದರು.

ಮಾತು ಬಿಟ್ಟಳೆಂದರೆ ಎರಡು ದಿನದ ಮುನಿಸು ಎಂದು ನಾವು ತಿಳಿದಿದ್ದೆವು. ಅದು ಮುನಿಸಾಗಿರಲಿಲ್ಲ. ಅವಳು ತಾಯಿಯ ಜೊತೆ ಕೆಲಸ ಹಂಚಿಕೊಳ್ಳುತ್ತಿದ್ದಳು, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಮೇಷ್ಟ್ರಮ್ಮ ಗೋಗರೆದರು, ಬೈದರು, ಒಂದು ದಿನ ಊಟ ಬಿಟ್ಟರು. ಒಂದೇ ಒಂದು ಸಲ ಅಮ್ಮ ಅನ್ನು ಸಾಕು ಎಂದರು. ಅವಳು ಕೈಯಿಂದ ಏನೋ ಹೇಳಿದಳು. ಮೇಷ್ಟ್ರಮ್ಮ ಮುಖ ತಿರುಗಿಸಿದರು. ಆ ಕೈಮಾತನ್ನು ಅವರೂ ಕಲಿಯಬಹುದಿತ್ತು. ಯಾಕೆ ಕಲಿಯಲಿಲ್ಲವೆಂದು ನಾನು ಒಮ್ಮೆ ಕೇಳಿದಾಗ, "ನಾನದನ್ನ ಕಲಿತ್ರೆ, ನಾನು ಇಷ್ಟು ವರ್ಷ ಮಾಡಿದ್ದೇನು ಅಂತ ನನ್ನನ್ನೇ ಕೇಳ್ಕೋಬೇಕಾಗುತ್ತೆ" ಎಂದರು. ಆಮೇಲೆ ಆ ವಿಷಯ ಎತ್ತಲು ನನಗೆ ಮನಸ್ಸಾಗಲಿಲ್ಲ.

ಭಾವ ಕಲಿತರು. ಬೈಂಡಿಂಗ್ ಅಂಗಡಿಯವರ ಜೊತೆ ಭಾನುವಾರಗಳನ್ನು ಕಳೆದು, ಗ್ರೀಸು ಮೆತ್ತಿದ ದಪ್ಪ ಬೆರಳುಗಳಲ್ಲಿ ತಪ್ಪು ತಪ್ಪಾಗಿ ಮಾಡಿ ಎಲ್ಲರನ್ನೂ ನಗಿಸಿ ಕಲಿತರು. ಅವರಲ್ಲಿ ಒಬ್ಬೊಬ್ಬರಿಗೂ ಕೈಯಲ್ಲಿ ಒಂದು ಹೆಸರಿರುತ್ತದೆ. ಹೆಬ್ಬೆರಳನ್ನು ಬೆರಳುಗಳ ತುದಿಗೆ ಉಜ್ಜಿದರೆ ಅದು ಭಾವ. ಯಾವಾಗಲೂ ಕೈಯ ಎಣ್ಣೆ ಒರೆಸಿಕೊಳ್ಳುವವರು ಎಂದು. ಹೀಗೆ ಆ ಪುಟ್ಟ ಮನೆಯಲ್ಲಿ ಇಬ್ಬರು ಮಾತಾಡುತ್ತಿದ್ದರು, ಒಬ್ಬರು ಸುಮ್ಮನಿರುತ್ತಿದ್ದರು. ತಾಯಿಗೆ ಹೇಳಬೇಕಾದ್ದನ್ನು ಮರಿ ಅಪ್ಪನಿಗೆ ಹೇಳುತ್ತಿದ್ದಳು, ಅವರು ಅದನ್ನು ಬಾಯಿಗೆ ತರುತ್ತಿದ್ದರು. ಅವಳು ಅಂಗಡಿಯಲ್ಲೇ ಕೆಲಸಕ್ಕಿದ್ದ, ತನ್ನ ಹಾಗೆಯೇ ಕಿವಿ ಕೇಳಿಸದ ಹುಡುಗನನ್ನು ಮದುವೆಯಾಗುತ್ತೇನೆಂದು ಹೇಳಿದ್ದೂ ಹಾಗೆಯೇ. ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದಳು.

ಭಾವ ಹೋದದ್ದು ಡಿಪೋದಲ್ಲಿ, ಬಸ್ಸಿನ ಕೆಳಗಿನಿಂದ ಎದ್ದು ಬರುತ್ತಿದ್ದಾಗ. ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆಗೆ ನಾನೂ ಮೇಷ್ಟ್ರಮ್ಮನೂ ಓಡಿದೆವು. ಸುದ್ದಿ ತಿಳಿದು ಮರಿಯೂ ಬಂದಳು. ಹಸಿರು ಬಣ್ಣದ ಉದ್ದನೆಯ ಪಡಸಾಲೆ, ಗೋಡೆಗೆ ಒರಗಿಸಿದ ಕಬ್ಬಿಣದ ಬೆಂಚು. ನರ್ಸ್ ಬಂದು ಮೇಷ್ಟ್ರಮ್ಮನಿಗೆ ಮೆಲ್ಲಗೆ ಹೇಳಿ ಹೋದಳು. ಮರಿ ತಲೆ ತಗ್ಗಿಸಿ ನೆಲ ನೋಡುತ್ತಾ ಕೂತಿದ್ದಳು. ಮಗಳಿಗೆ ಇದನ್ನು ಹೇಳಲು ಮನೆಯವರೆಂದು ಈಗ ತಾಯಿಯನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೇಷ್ಟ್ರಮ್ಮ ಅವಳ ಮುಂದೆ ಕೂತು ಗಲ್ಲ ಹಿಡಿದೆತ್ತಿದರು. ಬಾಯಿ ತೆರೆದರು, ತುಟಿ ಅದುರಿತೇ ಹೊರತು ಅದರಲ್ಲಿ ಯಾವ ಅಕ್ಷರವೂ ಕೂಡಿ ಬರಲಿಲ್ಲ. ಅವಳು ಅರ್ಥವಾಗಲಿಲ್ಲವೆಂದು ತಲೆಯಾಡಿಸಿದಳು. ಆಗ ಮೇಷ್ಟ್ರಮ್ಮ ಬಲಗೈ ಎತ್ತಿ, ಹೆಬ್ಬೆರಳನ್ನು ಬೆರಳುಗಳ ತುದಿಗೆ ಉಜ್ಜಿದರು. ಆಮೇಲೆ ಏನು ಮಾಡಬೇಕೆಂದು ಗೊತ್ತಾಗದೆ ಅಂಗೈಯನ್ನು ಬಿಚ್ಚಿ, ಬರಿದಾಗಿದ್ದನ್ನು ತೋರಿಸಿದರು.

ಮರಿಯ ಬಾಯಿಂದ ಒಂದು ಸದ್ದು ಬಂತು. ಮಾತಲ್ಲ, ಬರೀ ಸದ್ದು. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಸಾವಿನ ಮನೆಗೆ ಅಂಗಡಿಯವರೆಲ್ಲ ಬಂದರು. ಅವರಲ್ಲಿ ಕತ್ತರಿಸುವ ಯಂತ್ರದ ಹೆಂಗಸು ಮೇಷ್ಟ್ರಮ್ಮನ ಕಡೆ ಕಣ್ಣು ಮಾಡಿ, ಅಂಗೈಯನ್ನು ತನ್ನ ಕುತ್ತಿಗೆಯ ಮೇಲಿಟ್ಟುಕೊಂಡು ಮರಿಯನ್ನು ಏನೋ ಕೇಳಿದಳು. ಅದು ತಮ್ಮ ಹೆಸರು ಎಂದು ಮೇಷ್ಟ್ರಮ್ಮನಿಗೆ ಹೊಳೆಯಿತು. ಕತ್ತು ಹಿಸುಕುವವಳು ಎಂದೇ ನನ್ನ ಹೆಸರು ಎಂದು ಅವರು ನನ್ನ ಹತ್ತಿರ ಹೇಳಿಕೊಂಡು ಅತ್ತರು. ನಾನು ಮರಿಯನ್ನು ಕರೆದು ಚೀಟಿಯಲ್ಲಿ ಬರೆದು ಕೇಳಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿ, ಹಾಗಲ್ಲ, ನಾನು ಕೈಯಿಟ್ಟು ಅಮ್ಮನ ದನಿ ಕೇಳುತ್ತಿದ್ದ ಜಾಗ ಅದು ಎಂದು ಬರೆದಳು. ನಾನು ಓದಿ ಹೇಳಿದೆ. ನಂಬಬೇಕೋ, ಸಮಾಧಾನಕ್ಕೆ ಹೇಳಿದ್ದೋ ಎಂದು ಮೇಷ್ಟ್ರಮ್ಮನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಅದಾದ ಮೇಲೆ ಅವರು ಕೈಮಾತು ಕಲಿಯಲು ಕೂತರು. ತಡವಾಗಿತ್ತು. ಗಂಟು ಹಿಡಿದ ಬೆರಳುಗಳು ಮಡಚುತ್ತಿರಲಿಲ್ಲ, ಇವತ್ತು ಕಲಿತದ್ದು ನಾಳೆ ನೆನಪಿರುತ್ತಿರಲಿಲ್ಲ. ಮರಿ ಬಿಡುವಾದಾಗ ಬಂದು ತೋರಿಸಿಕೊಡುತ್ತಿದ್ದಳು. ಆದರೆ ಅವಳಿಗೆ ಈಗ ಸಂಸಾರ, ಒಂದು ಮಗು, ಅಂಗಡಿಯ ಕೆಲಸ. ಬರುವುದು ಕಡಿಮೆಯಾಯಿತು. ಬದಲಿಗೆ ಮೊಬೈಲಿನಲ್ಲಿ ಮುಖ ತೋರಿಸುತ್ತಾಳೆ. ಮೇಷ್ಟ್ರಮ್ಮ ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ತಲೆ ಬಾಚಿಕೊಂಡು, ಎರಡೂ ಕೈ ಮೇಜಿನ ಮೇಲಿಟ್ಟು ಕಾಯುತ್ತಾರೆ.

ಮೊನ್ನೆ ನಾನು ಹೋದಾಗ ಮಗಳು ಆ ಕಡೆಯಿಂದ ಏನೇನೋ ಹೇಳುತ್ತಿದ್ದಳು. ಕೈ ಪರದೆಯ ಆಚೆಗೂ ಹೋಗಿ ಬರುತ್ತಿತ್ತು. ಯಾವುದೋ ದೊಡ್ಡ ಸಂಗತಿಯೇ ಇರಬೇಕು, ಒಂದು ಸಲ ಕಣ್ಣು ಒರೆಸಿಕೊಂಡ ಹಾಗೂ ಕಂಡಿತು. ಮೇಷ್ಟ್ರಮ್ಮ ಮಧ್ಯೆ ಮಧ್ಯೆ ತಲೆಯಾಡಿಸುತ್ತಿದ್ದರು. ಕೊನೆಗೆ ನಿಧಾನವಾಗಿ, ಊಟ ಆಯಿತಾ ಎಂದು ಕೈಯಲ್ಲಿ ಕೇಳಿದರು. ಮಗಳು ಕೈ ಕೆಳಗಿಳಿಸಿ, ಮತ್ತೆ ಎತ್ತಿ, ಆಯಿತು ಎಂದಳು. ಪರದೆ ಕಪ್ಪಾಯಿತು.

"ಏನಂತೆ ಅಕ್ಕ?" ಎಂದು ಕೇಳಿದೆ.

"ಗೊತ್ತಾಗ್ಲಿಲ್ಲ ಕಣೇ" ಎಂದರು. "ಊಟ ಆಯ್ತಂತೆ." ಎದ್ದು ಹೋಗಿ ಒಲೆಯ ಮೇಲೆ ನೀರಿಟ್ಟರು.